ಮೂವತ್ತೆರಡು ಮೆಟ್ಟಿಲು

ಧೂಳು ಹಿಡಿದು ಕೂತ ಸಾಮಾನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಹದಿನಾರು ವರ್ಷದಿಂದ ಡ್ರೈವಿಂಗ್ ಸ್ಕೂಲಿನಲ್ಲಿ ಕಾರು ಕಲಿಸುತ್ತಿದ್ದೇನೆ. ಮನೆಯಲ್ಲೂ ಅದೇ ಬುದ್ಧಿ: ದಾರಿಗೆ ಅಡ್ಡ ಇದ್ದದ್ದನ್ನು ಎತ್ತು, ಮುಂದೆ ಹೋಗು. ಆ ಬುದ್ಧಿಗಿಷ್ಟು ಬೆಂಕಿ ಹಾಕ! ಹೋದ ತಿಂಗಳು ಅಮ್ಮ ಚಿಕ್ಕಮ್ಮನ ಮನೆಗೆ ಹೋಗಿದ್ದಾಗ, ಬೀರುವಿನ ಮೇಲಿದ್ದ ಅವಳ ಸಿನಿಮಾ ಡಿಸ್ಕುಗಳ ಡಬ್ಬ ಇಳಿಸಿ ಖಾಲಿ ಮಾಡಿಬಿಟ್ಟೆ. ಎಲ್ಲ ಸಿನಿಮಾನೂ ಆ್ಯಪ್‌ನಲ್ಲಿ ಬರುವಾಗ ಈ ತಟ್ಟೆಗಳನ್ನು ಇಟ್ಟುಕೊಂಡು ಏನು ಮಾಡುವುದು? ಖಾಲಿ ಡಬ್ಬವನ್ನು ಅಲ್ಲೇ ಇಟ್ಟೆ. ಅಮ್ಮ ಬಂದ ಮೇಲೆ ಕೇಳಲಿಲ್ಲ, ನಾನೂ ಹೇಳಲಿಲ್ಲ.

ನಮ್ಮಮ್ಮ ಸಿನಿಮಾದಲ್ಲಿ ನಡೆಯುತ್ತಿದ್ದಳು. ಮುಖ ಅಲ್ಲ, ಬರೀ ಸದ್ದು. ಸ್ಟುಡಿಯೋದ ಕತ್ತಲೆ ಕೋಣೆಯಲ್ಲಿ ತೆರೆ ನೋಡುತ್ತಾ, ಮರಳಿನ ತಟ್ಟೆಯ ಮೇಲೋ ಹಲಗೆಯ ಮೇಲೋ ನಿಂತಲ್ಲೇ ಹೆಜ್ಜೆ ಹಾಕುವುದು ಅವಳ ಕೆಲಸ. ನಾಯಕಿಯ ಮುಖ ಯಾರದಾದರೂ ಇರಲಿ, ಕಾಲು ಅಮ್ಮನದು. ಲೈಟು ಹೊತ್ತವರ ಹೆಸರೂ ತೆರೆಯ ಮೇಲೆ ಬರುತ್ತಿತ್ತು. ಅಮ್ಮನ ಹೆಸರು ಒಂದು ಸಲವೂ ಬರಲಿಲ್ಲ. ಸ್ಟುಡಿಯೋ ಮುಚ್ಚಿ ಹನ್ನೆರಡು ವರ್ಷವಾಯಿತು. ಅಂದಿನಿಂದ ಅವಳಿಗೆ ಒಂದೇ ಆಸೆ, ತನ್ನ ವಿದ್ಯೆಯನ್ನು ನಾಲ್ಕು ಜನಕ್ಕೆ ಹೇಳಿಕೊಡಬೇಕು. ಈಗ ಸಿನಿಮಾ ಶಾಲೆಯೊಂದು ಹೆಜ್ಜೆ ಸದ್ದು ಕಲಿಸಲು ಟೀಚರ್ ಬೇಕೆಂದು ಕರೆದಿತ್ತು. ಇವತ್ತು ಹನ್ನೊಂದಕ್ಕೆ ಸಂದರ್ಶನ. ನೀವೇ ಮಾಡಿದ ಕೆಲಸ ಯಾವುದಾದರೂ ಒಂದನ್ನು ತೋರಿಸಿ ಎಂದಿದ್ದರು.

"ಮೆಟ್ಟಿಲ ಸೀನು ಹಾಕೇ, ಒಂದ್ಸಲ ನೋಡ್ಕೊಂಡು ಹೋಗೋಣ" ಎಂದಳು ಅಮ್ಮ ಬೆಳಿಗ್ಗೆ.

ಜಂಬದಿಂದ ಆ್ಯಪ್ ತೆರೆದೆ. ಇಪ್ಪತ್ತಾರು ವರ್ಷದ ಹಿಂದಿನ ಸಿನಿಮಾ, ಈಗ ತೊಳೆದಿಟ್ಟ ಹಾಗೆ ಹೊಳೆಯುತ್ತಿತ್ತು. ನಾಯಕಿ ಮನೆ ಬಿಟ್ಟು ಹೊರಡುತ್ತಾಳೆ. ಸವೆದ ಚಪ್ಪಲಿಯಲ್ಲಿ ಮೂವತ್ತೆರಡು ಮರದ ಮೆಟ್ಟಿಲು ಇಳಿಯುತ್ತಾಳೆ. ಟಕ್, ಟಕ್, ಟಕ್.

ಅಮ್ಮ ಲೋಟ ಕೆಳಗಿಟ್ಟಳು. "ಇದು ನಾನಲ್ಲ."

"ನೀನಲ್ದೆ ಇನ್ಯಾರಮ್ಮಾ?"

"ನಾನಲ್ಲ ಅಂದ್ನಲ್ಲ! ಸವೆದ ಚಪ್ಪಲಿಗೆ ಕುದುರೆ ಲಾಳದ ಸದ್ದು ಹಾಕಿದಾರೆ ನೋಡು! ಯಾವನೋ ಹೊಸದಾಗಿ ಸದ್ದು ಕೂರಿಸಿದಾನೆ. ನನ್ನನ್ನ ತೆಗೆದುಹಾಕಿದಾರೆ ಕಣೇ."

ಸಿನಿಮಾದ ವಿವರಣೆ ತೆಗೆದು ನೋಡಿದೆ. 'ಹೊಚ್ಚ ಹೊಸ ಧ್ವನಿಯೊಂದಿಗೆ' ಎಂದು ಹೆಮ್ಮೆಯಿಂದ ಬರೆದಿದ್ದರು. ಅಮ್ಮ ಮಾತ್ರ ಗಾಬರಿಯಾಗಲಿಲ್ಲ. "ಹೋಗ್ಲಿ ಬಿಡು, ಡಿಸ್ಕಲ್ಲಿ ಹಳೇದೇ ಇರುತ್ತೆ. ಆ ಡಬ್ಬ ಇಳ್ಸು" ಎಂದಳು.

ಕಲಿಯಲು ಬಂದವರು ನನ್ನ ಕಾರನ್ನು ಎಷ್ಟೋ ಸಲ ಗೋಡೆಗೆ ಗುದ್ದಿದ್ದಾರೆ, ಆಗಲೂ ನಾನು ಇಷ್ಟು ಹೆದರಿರಲಿಲ್ಲ.

"ಅಮ್ಮಾ, ಬಯ್ಯಬೇಡ. ಡಿಸ್ಕೆಲ್ಲ ಮೇಲಿನ ಮನೆ ಅಂಕಲ್‌ಗೆ ಕೊಟ್ಬಿಟ್ಟೆ. ಪಾರಿವಾಳ ಓಡಿಸೋಕೆ ಬೇಕು ಅಂದ್ರು."

ಅಮ್ಮ ಬಯ್ಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಅದೊಂದ್ರಲ್ಲೇ ಇದ್ನಲ್ಲೇ ನಾನು" ಎಂದಳು ಅಷ್ಟೇ. ನನಗೆ ಅಳು ಬಂತು, ಅದಕ್ಕಿಂತ ಹೆಚ್ಚಾಗಿ ನನ್ನ ಮೇಲೇ ಸಿಟ್ಟು ಬಂತು. ಎರಡೆರಡು ಮೆಟ್ಟಿಲು ಹಾರಿ ತಾರಸಿಗೆ ಓಡಿದೆ.

ಅಲ್ಲಿ ಹಗ್ಗದ ತುಂಬ ಡಿಸ್ಕುಗಳು ನೇತಾಡುತ್ತಿದ್ದವು. ಬಿಸಿಲಿಗೆ ಫಳಫಳ ತಿರುಗುತ್ತಾ ಕಣ್ಣು ಕುಕ್ಕುತ್ತಿದ್ದವು. ಅಂಕಲ್ ನಿವೃತ್ತ ಅಂಚೆ ಮಾಸ್ತರರು. ಪಾರಿವಾಳಗಳ ಮೇಲೆ ಅವರದು ಮೂರು ವರ್ಷದ ಯುದ್ಧ. ನಾನು ಕತ್ತರಿ ಹಿಡಿದು ನುಗ್ಗಿದ್ದು ಕಂಡು ಅಡ್ಡ ಬಂದರು.

"ಏನಮ್ಮಾ ಇದು? ಕೊಟ್ಟಿದ್ದನ್ನ ವಾಪಸ್ ತಗೋತಾರಾ?"

"ಒಂದೇ ಒಂದು ಸಾಕು ಅಂಕಲ್! ಅಮ್ಮನ ಮರ್ಯಾದೆ ಪ್ರಶ್ನೆ!"

"ಆವತ್ತು ಎಲ್ಲಾ ಆ್ಯಪ್‌ನಲ್ಲೇ ಸಿಗುತ್ತೆ ಅಂತ ನೀನೇ ತಾನೆ ಭಾಷಣ ಬಿಗಿದಿದ್ದು? ನಿನ್ನ ಆ್ಯಪ್ ತಂದು ಇಲ್ಲಿ ಕಟ್ಟು, ಒಂದು ಪಾರಿವಾಳ ಓಡುತ್ತಾ ನೋಡೋಣ!"

ಹಾಗೆ ಹಂಗಿಸುತ್ತಲೇ ಕನ್ನಡಕ ಏರಿಸಿ, ಒಂದೊಂದನ್ನೇ ಹಿಡಿದು ಹೆಸರು ಓದತೊಡಗಿದರು, ಪಾಪ. ಇದಲ್ಲ. ಇದೂ ಅಲ್ಲ. ಗಡಿಯಾರ ಹತ್ತು ದಾಟಿತು. ನೀರಿನ ಟ್ಯಾಂಕಿನ ಹಿಂದೆ, ಕಟ್ಟಕಡೆಯ ಹಗ್ಗದಲ್ಲಿ ಅಂಕಲ್ "ಸಿಕ್ತು!" ಎಂದು ಕೂಗಿದರು. ಪಾರಿವಾಳಗಳು ಆ ಕೂಗಿಗೇ ಎದ್ದು ಹಾರಿದವು. ಡಿಸ್ಕಿನ ಮೇಲೆಲ್ಲ ಹಿಕ್ಕೆ! ಯುದ್ಧದಲ್ಲಿ ಗೆಲ್ಲುತ್ತಿದ್ದವರು ಯಾರೆಂದು ಅದರಿಂದಲೇ ತಿಳಿಯಿತು.

ಡಿಸ್ಕು ಹಾಕುವ ಪ್ಲೇಯರನ್ನು ಸದ್ಯ ನಾನು ಕೊಟ್ಟಿರಲಿಲ್ಲ. ಅದು ನಮ್ಮ ಮನೆಯಲ್ಲಿ ಹೂಕುಂಡಕ್ಕೆ ಪೀಠವಾಗಿತ್ತು. ಮಣ್ಣು ಕೊಡವಿ ಕಾರಿನ ಹಿಂದಿನ ಸೀಟಿಗೆ ಹಾಕಿದೆ. ಅಮ್ಮ ಪಕ್ಕದಲ್ಲಿ ಕೂತು ಡಿಸ್ಕಿಗೆ ಉಗುರುಬೆಚ್ಚಗಿನ ನೀರು ಚಿಮುಕಿಸಿ ಮೆತ್ತನೆ ಬಟ್ಟೆಯಲ್ಲಿ ಒರೆಸುತ್ತಿದ್ದಳು. ತೊಡೆಯ ಮೇಲೆ ಕಾಗದದ ಪೊಟ್ಟಣವೊಂದಿತ್ತು. ನಾನು ದಿನವೂ ಬೇಡ ಬೇಡ ಎಂದು ಹೇಳಿಕೊಡುವ ತಪ್ಪುಗಳನ್ನೆಲ್ಲ ಆ ದಾರಿಯಲ್ಲಿ ಮಾಡಿದೆ, ಹನ್ನೊಂದಕ್ಕೆ ಎರಡು ನಿಮಿಷ ಇರುವಾಗ ಮುಟ್ಟಿದೆ.

ಪ್ರಿನ್ಸಿಪಾಲ್ ನನ್ನ ವಯಸ್ಸಿನವರು, ಮರ್ಯಾದಸ್ಥರು. ಚಿತ್ರದ ಹೆಸರು ಕೇಳಿ ಹುಬ್ಬೇರಿಸಿದರು.

"ಆ ಸಿನಿಮಾ ನಾನು ನೋಡಿದೀನಮ್ಮ. ಬೇಜಾರ್ ಮಾಡ್ಕೋಬೇಡಿ, ಅದರ ಹೆಜ್ಜೆ ಸದ್ದು ಅಷ್ಟಕ್ಕಷ್ಟೇ."

"ನೀವು ನೋಡಿದ್ದು ನನ್ನ ಹೆಜ್ಜೆ ಅಲ್ಲ ಸರ್, ಹಳೇ ಸದ್ದು ಇದರಲ್ಲಿದೆ" ಎಂದು ಅಮ್ಮ ಡಿಸ್ಕು ಮುಂದಿಟ್ಟಳು.

"ಇದರಲ್ಲಿರೋದು ನಿಮ್ಮದೇ ಅಂತ ಹೇಗೆ ಹೇಳೋದು? ಟೈಟಲ್‌ನಲ್ಲಿ ನಿಮ್ಮ ಹೆಸರಿಲ್ವಲ್ಲ."

ನಾನು ಬಾಯಿ ಹಾಕಲು ಹೊರಟೆ. ಅಮ್ಮ ನನ್ನ ಕೈ ಅದುಮಿದಳು. ಪೊಟ್ಟಣ ಬಿಚ್ಚಿದಳು. ಒಳಗೆ ಹಳೆಯ ಚಪ್ಪಲಿ ಜೋಡಿ, ಎಡಗಾಲಿನದರ ಪಟ್ಟಿ ಸಡಿಲ. ಕೋಣೆಯ ತೆರೆಯ ಮುಂದಿದ್ದ ಮರದ ವೇದಿಕೆ ಹತ್ತಿ, ಅವನ್ನು ಮೆಟ್ಟಿ, ತೆರೆಗೆ ಬೆನ್ನು ಮಾಡಿ ನಿಂತಳು.

"ಹಾಕಿ ಸರ್."

ತೆರೆಯ ಮೇಲೆ ಚಿಲಕ ತೆಗೆದ ಸದ್ದು. ಅಮ್ಮ ಹೆಜ್ಜೆ ಎತ್ತಿದಳು. ಬಲಗಾಲು ಟಪ್, ಎಡಗಾಲು ಸರಕ್-ಟಪ್. ಡಿಸ್ಕಿನಲ್ಲೂ ಟಪ್, ಸರಕ್-ಟಪ್. ಅಯ್ಯೋ, ಎರಡು ಸದ್ದು ಎಲ್ಲಿ? ಒಂದೇ! ನಾಯಕಿ ತಡೆದರೆ ಅಮ್ಮ ತಡೆದಳು, ಅವಸರಿಸಿದರೆ ಅವಸರಿಸಿದಳು, ಒಮ್ಮೆಯೂ ತಿರುಗಿ ನೋಡದೆ. ನಾನು ಬೆರಳು ಮಡಚುತ್ತಾ ಎಣಿಸುತ್ತಿದ್ದೆ. ಹತ್ತೊಂಬತ್ತನೇ ಮೆಟ್ಟಿಲಿಗೆ ಡಿಸ್ಕು ಗರ್ರೆಂದು ನಿಂತೇಬಿಟ್ಟಿತು. ನಾಯಕಿ ಒಂದು ಕಾಲು ಎತ್ತಿದವಳು ಎತ್ತಿದಂತೆಯೇ ಉಳಿದಳು. ಹಾಳು ಪಾರಿವಾಳ! ಹಾಳಾದ ನಾನು!

ಅಮ್ಮ ನಿಲ್ಲಲಿಲ್ಲ. ಇಪ್ಪತ್ತು, ಇಪ್ಪತ್ತೊಂದು. ಇಪ್ಪತ್ತೈದರಲ್ಲಿ ಒಂದು ಉಸಿರಿನಷ್ಟು ಹೊತ್ತು ತಡೆದಳು. ಮತ್ತೆ ಹೆಜ್ಜೆ ಹಾಕಿದಳು. ಮೂವತ್ತೆರಡು. ಕೊನೆಗೆ ಚಪ್ಪಲಿ ಎರಡನ್ನೂ ಬಿಟ್ಟು, ಬರಿಗಾಲಲ್ಲಿ ನಾಲ್ಕು ಹೆಜ್ಜೆ ನಡೆದು ನಿಂತಳು.

ಪ್ರಿನ್ಸಿಪಾಲ್ ಡಿಸ್ಕನ್ನು ತೆಗೆದು ಒರೆಸಿ, ಮತ್ತೆ ಹಾಕಿ, ನಿಂತಲ್ಲಿಂದ ಮುಂದಕ್ಕೆ ಓಡಿಸಿದರು. ಇಪ್ಪತ್ತೈದರಲ್ಲಿ ನಾಯಕಿ ತಡೆದು, ತಿರುಗಿ ಮನೆ ನೋಡಿದಳು. ಆಮೇಲೆ ಇಳಿದು, ಚಪ್ಪಲಿ ಬಿಟ್ಟು, ಬರಿಗಾಲಲ್ಲಿ ನಾಲ್ಕು ಹೆಜ್ಜೆ ಹೋದಳು. ನಾನು ಎದ್ದು ನಿಂತು ಚಪ್ಪಾಳೆ ಹೊಡೆದೆ. ನಾಚಿಕೆ ಮಾನ ಏನೂ ನೋಡಲಿಲ್ಲ.

"ಸೋಮವಾರದಿಂದ ಬರ್ತೀರಾ ಅಮ್ಮ?" ಎಂದರು ಪ್ರಿನ್ಸಿಪಾಲ್. "ತರಗತಿ ಬಾಗಿಲ ಮೇಲೆ ಟೀಚರ್ ಹೆಸರು ಬರೆಸ್ತೀವಿ. ಪೂರ್ತಿ ಹೆಸರು ಹೇಳಿ."

ಅಮ್ಮ ಹೇಳಿದಳು. ಅವರು ಬರೆದುಕೊಂಡಾದ ಮೇಲೆ ಬಗ್ಗಿ ನೋಡಿ, ಇನ್ನೊಂದು ಸಲ ಹೇಳಿದಳು.

ಹೊರಗೆ ಬಂದಾಗ ನಾನು ಲಿಫ್ಟಿನ ಗುಂಡಿ ಒತ್ತಿದೆ. ಅಮ್ಮ ಬೇಡವೆಂದಳು. ಪ್ಲೇಯರನ್ನು ಎದೆಗೆ ಅವಚಿಕೊಂಡು ನಾನು ಹಿಂದೆ, ಅಮ್ಮ ಮುಂದೆ, ಮೆಟ್ಟಿಲಲ್ಲೇ ಇಳಿದೆವು. ನಲವತ್ತೆರಡು ವರ್ಷ ಒಂದೇ ಮನೆಯಲ್ಲಿ ಇದ್ದರೂ, ನಮ್ಮಮ್ಮ ನಡೆಯುವ ಸದ್ದನ್ನು ನಾನು ಕಿವಿಗೊಟ್ಟು ಕೇಳಿದ್ದು ಇವತ್ತೇ.