ಇಬ್ಬರು ಕೂರುವ ಸೀಟು

ಮೇಲೂರಿನ ಮುನೇಶ ತನ್ನ ಹಳೆಯ ಬೈಕನ್ನು ಆಲ್ಟರ್ ಮಾಡಿಸಿದಾಗ ಮೊದಲು ಹೋದದ್ದು ಅಮ್ಮ ಕೂರುವ ಜಾಗ. ಹಿಂದಿನ ಚೌಕಟ್ಟು ಕೊಯ್ಸಿ, ಉದ್ದನೆಯ ಸೀಟು ಕಿತ್ತು, ಒಬ್ಬರು ಮಾತ್ರ ಕೂರುವಂಥ ಗಿಡ್ಡ ಸೀಟು ಹಾಕಿಸಿದ್ದ. ಶಿಡ್ಲಘಟ್ಟದ ರಸ್ತೆಯಲ್ಲಿ ಜನ ತಿರುಗಿ ನೋಡುತ್ತಿದ್ದರು, ಅದು ನಿಜ. ಅವನ ತಾಯಿ ಅಕ್ಕಯಮ್ಮ ಮಾತ್ರ ಅಂದಿನಿಂದ ಬಸ್ಸು ಹಿಡಿದಳು. ಯಾರಾದರೂ ಕೇಳಿದರೆ, "ಮಂಡಿ ನೋವು ಕಣೇ, ಬೈಕ್ ಹತ್ತಕ್ಕಾಗಲ್ಲ" ಅನ್ನುತ್ತಿದ್ದಳು. ಅವಳ ಮಂಡಿಗೆ ಏನೂ ಆಗಿರಲಿಲ್ಲ. ಮಗನ ಮಾನ ಮುಚ್ಚಬೇಕಾದಾಗ ತಾಯಂದಿರಿಗೆ ಮಂಡಿ, ಸೊಂಟ, ಬಿ.ಪಿ. ಎಲ್ಲವೂ ಸಮಯಕ್ಕೆ ಒದಗುತ್ತವೆ.

ಒಂದು ಮಧ್ಯಾಹ್ನ ಕರೆಂಟ್ ಆಫೀಸಿನಿಂದ ಬೈಕಿನಲ್ಲಿ ಬರುವಾಗ ಮುನೇಶ, ಅವಳು ಬಿಸಿಲಲ್ಲಿ ಬಸ್ಸಿಗೆ ಕಾಯುತ್ತ ನಿಂತಿದ್ದನ್ನು ಕಂಡ. ಅವಳೂ ಕಂಡಳು. ಕಂಡರೂ ಕಾಣದವಳಂತೆ ಮುಖ ಆ ಕಡೆ ತಿರುಗಿಸಿಕೊಂಡಳು. ಮುನೇಶನಿಗೆ ನಾಚಿಕೆಯಾಯಿತು. ಇಬ್ಬರು ಕೂರುವ ಸೀಟನ್ನು ತಾನೇ ಕೈಯಾರೆ ಮಾಡಬೇಕೆಂದು ಅವತ್ತೇ ತೀರ್ಮಾನಿಸಿದ. ಇಲ್ಲಿಗೇ ಕಥೆ ಮುಗಿದಿದ್ದರೆ ಎಷ್ಟು ಚೆನ್ನಾಗಿತ್ತು.

ಕೆಲಸವನ್ನೇನೋ ಅಚ್ಚುಕಟ್ಟಾಗಿ ಶುರು ಮಾಡಿದ. ತುಂಡಾಗಿದ್ದ ಚೌಕಟ್ಟಿಗೆ ಕಬ್ಬಿಣ ಸೇರಿಸಿ ವೆಲ್ಡಿಂಗ್ ಮಾಡಿಸಿದ. ರಟ್ಟಿನಲ್ಲಿ ಅಳತೆ ತೆಗೆದು ಪ್ಲೈವುಡ್ ಕೊಯ್ದ. ಹಳೆಯ ಸೋಫಾದ ಸ್ಪಂಜನ್ನು ಗರಗಸದ ಬ್ಲೇಡಿನಿಂದ ಸವರಿ ಆಕಾರಕ್ಕೆ ತಂದ. ಅಮ್ಮ ಒಂದೇ ಕಡೆಗೆ ಕಾಲು ಇಳಿಬಿಟ್ಟು ಕೂರುವವಳು. ಅದಕ್ಕೇ ಹಿಂಭಾಗವನ್ನು ಅಗಲ ಮಾಡಿ, ಜಾರದಂತೆ ನಡುವೆ ಸ್ವಲ್ಪ ತಗ್ಗು ಬಿಟ್ಟ. ಇನ್ನು ಘಾಟು ಹೊಡೆಯುವ ಸಲ್ಯೂಷನ್ ಅಂಟು ಬಳಿದು ಸ್ಪಂಜು ಅಂಟಿಸಿ, ಮೇಲೆ ರೆಕ್ಸಿನ್ ಎಳೆಯುವುದಷ್ಟೇ ಬಾಕಿ ಇತ್ತು.

ಆ ಭಾನುವಾರ ಅಪ್ಪ ಮುನಿನಾರಾಯಣಪ್ಪ, ಅಮ್ಮ ಇಬ್ಬರೂ ನಗರಗೆರೆಯ ನೆಂಟರ ಗೃಹಪ್ರವೇಶಕ್ಕೆ ಬಸ್ಸಿನಲ್ಲಿ ಹೋದರು. ಹುಳುಮನೆಯಲ್ಲಿ ರೇಷ್ಮೆಹುಳು ನಾಲ್ಕನೇ ಜ್ವರ ಎದ್ದಿದ್ದವು. ಕೊನೆಯ ಪೊರೆ ಕಳಚಿ, ಗೂಡು ಕಟ್ಟುವ ಮುಂಚೆ ಬಕಾಸುರನಂತೆ ಸೊಪ್ಪು ತಿನ್ನುವ ಹೊತ್ತು ಅದು. ಮಧ್ಯಾಹ್ನದ ಸೊಪ್ಪು ಹಾಕುವ ಜವಾಬ್ದಾರಿ ಮುನೇಶನದು.

ಹೊರಗೆ ಗಾಳಿ ಬೀಸುತ್ತಿತ್ತು. ಹಸಿ ಅಂಟಿನ ಮೇಲೆ ಧೂಳು ಕೂತರೆ ಕೆಲಸ ಕೆಟ್ಟಂತೆ. ಹುಳುಮನೆಗೆ ಹೊಂದಿಕೊಂಡ ಸೊಪ್ಪಿನ ಕೋಣೆ ಅವನ ಕಣ್ಣಿಗೆ ಬಿತ್ತು. ಹಿಪ್ಪುನೇರಳೆ ಸೊಪ್ಪು ಬಾಡದಂತೆ ಒದ್ದೆ ಗೋಣಿ ಹೊದಿಸಿಡುವ ತಣ್ಣನೆಯ ಕೋಣೆ. ಅಲ್ಲಿಗೆ ಸೀಟು ಹೊತ್ತುಕೊಂಡು ಹೋಗಿ, ಬಾಗಿಲು ಹಾಕಿಕೊಂಡು, ಸಲ್ಯೂಷನ್ ಡಬ್ಬಿ ತೆರೆದ. ಆ ಬಾಗಿಲಿಗೆ ಬೋರ್ಡು ಬರೆದು ತೂಗುಹಾಕಿದವನೂ ಅವನೇ: "ಸೆಂಟು, ಊದಿನಕಡ್ಡಿ, ಹೊಗೆಸೊಪ್ಪು ನಿಷಿದ್ಧ. ಕೈಕಾಲು ತೊಳೆದು ಒಳಗೆ ಬನ್ನಿ." ಸಲ್ಯೂಷನ್ ಹೆಸರು ಅದರಲ್ಲಿ ಇರಲಿಲ್ಲ. ಹುಳು ಸಾಕುವ ಮನೆಯಲ್ಲೇ ಹುಟ್ಟಿ ಬೆಳೆದವನಿಗೆ ಅದನ್ನೂ ಬರೆದು ಹೇಳಬೇಕಾಗಿತ್ತೇನೋ!

ರೆಕ್ಸಿನ್ ಎಳೆದು ಮುಗಿಸಿ, ಕೈ ತೊಳೆದು, ಅದೇ ಕೋಣೆಯ ಸೊಪ್ಪನ್ನು ಹುಳುಗಳಿಗೆ ಹಾಕಿದ. ಸ್ವಲ್ಪ ಹೊತ್ತಿಗೆಲ್ಲ ಹುಳುಗಳು ತಿನ್ನುವುದು ಬಿಟ್ಟು ತಲೆ ಎತ್ತಿ ಆಡಿಸತೊಡಗಿದವು. ಕೆಲವುಗಳ ಬಾಯಿಂದ ಹಸಿರು ನೀರು ಬರುತ್ತಿತ್ತು. ಮುನೇಶ ಓಡಿಹೋಗಿ ಕಿಟಕಿಗಳನ್ನೆಲ್ಲ ತೆಗೆದ. ಸೀಟನ್ನು ಕೊಟ್ಟಿಗೆಗೆ ಸಾಗಿಸಿದ, ಡಬ್ಬಿಯನ್ನು ಬೇಲಿಯಾಚೆ ಎಸೆದ. ಸರಿಹೋಗುತ್ತವೆ ಎಂದು ತನಗೆ ತಾನೇ ಹೇಳಿಕೊಂಡ.

ಸಂಜೆ ಬಸ್ಸಿಳಿದ ಅಕ್ಕಯಮ್ಮ, ಸೊಪ್ಪಿಗೆ ತಡವಾಯಿತೆಂದು ಓಡೋಡಿ ಬಂದು ನೇರ ಹುಳುಮನೆಗೆ ನುಗ್ಗಿದಳು. ಬಾಯಲ್ಲಿ ಹೊಗೆಸೊಪ್ಪಿನ ಕಡ್ಡಿಪುಡಿ ಇತ್ತು. ಅದನ್ನು ಹಾಕಿಕೊಂಡ ಕೈಯನ್ನು ತೊಳೆಯುವುದನ್ನು ಜನ್ಮದಲ್ಲಿ ಮೊದಲ ಸಲ ಮರೆತಳು. ಮಬ್ಬುಗತ್ತಲಲ್ಲಿ ಸೊಪ್ಪಿನ ಕೋಣೆಯಿಂದ ಸೊಪ್ಪು ತಂದು ಅದೇ ಕೈಯಲ್ಲಿ ಹುಳುಗಳಿಗೆ ಹಾಕಿದಳು. ಬೆಳಗಾಗುವಷ್ಟರಲ್ಲಿ ಹುಳುಗಳೆಲ್ಲ ಕುಗ್ಗಿ ಸತ್ತಿದ್ದವು.

"ನಿನ್ ಹೊಗೆಸೊಪ್ಪಿಗೆ ಬೆಂಕಿ ಹಾಕ! ಮನೇನೇ ತೊಳೆದುಬಿಟ್ಟೆ" ಎಂದು ಮುನಿನಾರಾಯಣಪ್ಪ ಅಂಗಳದಲ್ಲಿ ನಿಂತು ಕೂಗಾಡಿದ.

ಅಕ್ಕಯಮ್ಮ ಸತ್ತ ಹುಳುಗಳನ್ನು ಗುಂಡಿಗೆ ಸುರಿದು, ಸೊಂಟದಲ್ಲಿದ್ದ ಕಡ್ಡಿಪುಡಿ ಡಬ್ಬಿಯನ್ನೂ ಅದಕ್ಕೇ ಎಸೆದು ಮಣ್ಣು ಮುಚ್ಚಿದಳು. ಪಕ್ಕದಲ್ಲೇ ನಿಂತಿದ್ದ ಮುನೇಶ ಗುದ್ದಲಿಯಿಂದ ಮಣ್ಣು ಎಳೆದು ಕೊಟ್ಟ. ಬೋರ್ಡು ಬರೆದವನು ತಾನು, ಕಡ್ಡಿಪುಡಿ ಬಿಡು ಎಂದು ನೆಂಟರಿಷ್ಟರ ಮುಂದೆ ಅಮ್ಮನಿಗೆ ಭಾಷಣ ಬಿಗಿದವನು ತಾನು. ನಾಳೆ ಹೇಳಿದರಾಯಿತು ಎಂದುಕೊಂಡ. ಹೇಡಿಗಳಿಗೆ ನಾಳೆಗಳಿಗೇನು ಬರ.

ಅಕ್ಕಯಮ್ಮನ ಕೈಗುಣ ಸುತ್ತಲ ಊರುಗಳಿಗೆಲ್ಲ ಗೊತ್ತಿತ್ತು. ಹುಳು ಹಣ್ಣಾದರೆ, ಅದನ್ನು ಆರಿಸಿ ಗೂಡು ಕಟ್ಟಲು ಬಿದಿರಿನ ಚಂದ್ರಿಕೆಗೆ ಬಿಡುವ ಮೊದಲ ಕೈ ಅವಳದೇ ಆಗಬೇಕೆಂದು ಹೆಂಗಸರು ಕರೆದೊಯ್ಯುತ್ತಿದ್ದರು. ಈಗ ಕರೆದವರಿಗೆಲ್ಲ ಅವಳದು ಒಂದೇ ಉತ್ತರ: "ನನ್ ಕೈ ಬೇಡ್ರಮ್ಮ, ಪಾಪದ ಕೈ ಇದು." ಊಟಕ್ಕೆ ಕೂತಾಗಲೂ ಅಂಗೈ ಮೂಸಿ ನೋಡಿಕೊಳ್ಳುತ್ತಿದ್ದಳು. ಅದನ್ನು ನೋಡಿದಾಗಲೆಲ್ಲ ಮುನೇಶ ಊಟ ಅರ್ಧಕ್ಕೇ ಬಿಟ್ಟು ಎದ್ದುಬಿಡುತ್ತಿದ್ದ.

ಕೊನೆಗೆ ಅವಳ ತಂಗಿ ಅನಸೂಯಮ್ಮ ಜಂಗಮಕೋಟೆಯಿಂದ ಫೋನ್ ಮಾಡಿದಳು. "ಹುಳ ಹಣ್ಣಾಗವೆ ಮುನೇಶ. ಅಕ್ಕ ಬರದಿದ್ರೆ ನಾನೂ ಮುಟ್ಟಲ್ಲ. ಹೊತ್ಕೊಂಡಾದ್ರೂ ಬಾರಪ್ಪ."

ಮುನೇಶ ಸೀಟನ್ನು ಬೈಕಿಗೆ ಕೂರಿಸಿ ಬೋಲ್ಟು ಬಿಗಿದು ಹೊರಗೆ ತಂದ. ಅಕ್ಕಯಮ್ಮ ಅದರ ಮೇಲೆ ಕೈಯಾಡಿಸಿದಳು.

"ನಂಗೋಸ್ಕರ ಮಾಡಿದ್ಯೇನಪ್ಪ?"

"ಹೂಂನಮ್ಮ."

"ಮನೆ ಹಾಳು ಮಾಡಿದೋಳಿಗೆ ಇಷ್ಟೊಂದು ಮೆತ್ತೆ ಯಾಕೋ" ಎಂದು ನಗಲು ನೋಡಿದಳು. ನಗು ಬರಲಿಲ್ಲ. ತಂಗಿಯ ಮಾತು ಮೀರಲಾರದೆ ಹತ್ತಿ ಕೂತಳು. ದಾರಿಯುದ್ದಕ್ಕೂ ಅವಳ ಕೈ ಮಗನ ಭುಜದ ಮೇಲಿತ್ತು. ಆ ಕೈಯ ಭಾರಕ್ಕೆ ಮುನೇಶ ನಾಚಿಕೆಯಿಂದ ಕುಗ್ಗಿಹೋದ.

ಜಂಗಮಕೋಟೆಯಲ್ಲಿ ಅನಸೂಯಮ್ಮ, "ರಾ ಅಕ್ಕಾ, ರಾ" ಎಂದು ತೆಲುಗಿನಲ್ಲಿ ಕರೆಯುತ್ತ ಓಡಿ ಬಂದಳು. ಅಕ್ಕಯಮ್ಮ ಗೇಟಿನ ಆಚೆಯೇ ನಿಂತಳು. ಬಕೆಟ್ಟು ನೀರು, ಸೋಪು ತರಿಸಿ ಕೈ ತೊಳೆದಳು. ಮೂಸಿದಳು. ಮತ್ತೆ ತೊಳೆದಳು, ಮತ್ತೆ ಮೂಸಿದಳು.

"ವಾಸನೆ ಹೋಗಿಲ್ಲ ಕಣೇ ಅನಸೂಯ. ನಾನು ಒಳಗ್ ಬರಲ್ಲ."

ಮುನೇಶ ಇನ್ನು ತಡೆಯಲಾರದೆ ಹೇಳಿಬಿಟ್ಟ. "ಅಮ್ಮಾ, ಹುಳ ಸತ್ತಿದ್ದು ನಿನ್ನಿಂದ ಅಲ್ಲ. ನನ್ನಿಂದ. ಸೊಪ್ಪಿನ ಕೋಣೇಲಿ ಸಲ್ಯೂಷನ್ ಹಾಕಿ ಈ ಸೀಟು ಅಂಟಿಸ್ದೆ. ನೀನು ಬರೋಕ್ ಮುಂಚೇನೇ ಹುಳ ತಲೆ ಎತ್ತಿದ್ವು."

ಅನಸೂಯಮ್ಮನ ಕಣ್ಣು ತುಂಬಿ ಬಂತು. "ನೋಡಕ್ಕ, ಎಂಥಾ ಮಗನ್ನ ಹೆತ್ತಿದ್ದೀಯ! ನಿನ್ ತಪ್ಪನ್ನ ತನ್ ತಲೆ ಮೇಲೆ ಹಾಕ್ಕೊಂತಾನೆ."

"ನಂಗೊತ್ತಿಲ್ವಾ?" ಅಕ್ಕಯಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. "ನನ್ ಮೇಲಿನ ಅಕ್ಕರೆಗೆ ಸುಳ್ಳು ಹೇಳ್ಬೇಡಪ್ಪ. ನೀನು ಬೋರ್ಡ್ ಬರೆದೋನು, ಅಂಥ ಕೆಲಸ ಮಾಡ್ತೀಯಾ?"

ನಿಜ ಹೇಳಿಯೂ ಹೊಗಳಿಸಿಕೊಳ್ಳುವ ಗತಿ ಯಾರಿಗೂ ಬರಬಾರದು. ಮುನೇಶನಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಸುಮ್ಮನಿದ್ದುಬಿಡಬಹುದಿತ್ತು, ಒಳ್ಳೆಯ ಮಗ ಎಂಬ ಹೆಸರು ತಾನಾಗಿಯೇ ಬಂದು ಕೈಯಲ್ಲಿ ಕೂತಿತ್ತು. ಜಗಲಿಯ ಮೇಲೆ ಸೊಪ್ಪು ಕತ್ತರಿಸುವ ಕತ್ತಿ ಬಿದ್ದಿತ್ತು. ಅದನ್ನು ತಂದು, ಹೊಚ್ಚ ಹೊಸ ರೆಕ್ಸಿನ್ನನ್ನು ಉದ್ದಕ್ಕೆ ಸೀಳಿದ. ಅಂಟಿದ ಸ್ಪಂಜು ಎರಡಾಗಿ ಕಿತ್ತು ಬಂತು. ಬಿಸಿಲಿಗೆ ಕಾದ ಸಲ್ಯೂಷನ್ನಿನ ಘಾಟು ಗಪ್ಪೆಂದು ಎದ್ದಿತು.

"ಮೂಸಿ ನೋಡಮ್ಮ."

ಅವಳು ಬಗ್ಗಿ ಮೂಸಿದಳು. ಗೃಹಪ್ರವೇಶದಿಂದ ಬಂದ ಆ ಸಂಜೆ ಸೊಪ್ಪಿನ ಕೋಣೆಯ ಬಾಗಿಲು ತೆಗೆದಾಗ ಮುಖಕ್ಕೆ ಬಡಿದದ್ದು ಇದೇ ವಾಸನೆ. ಬಸ್ಸಿನ ವಾಸನೆ ತನ್ನ ಸೀರೆಗೆ ಹತ್ತಿರಬೇಕು ಎಂದುಕೊಂಡಿದ್ದಳು. ಅವಳ ಮುಖ ನಿಧಾನವಾಗಿ ಬದಲಾಯಿತು. ಮಗನನ್ನು ಬೈಯುತ್ತಾಳೆ, ಒಂದೇಟು ಹಾಕುತ್ತಾಳೆ ಎಂದು ಅನಸೂಯಮ್ಮ ಕಾದಳು. ಮುನೇಶನೂ ಅದನ್ನೇ ಕಾದ, ಬಾರಿಸಿದರೆ ಹಗುರವಾದೀತೆಂದು.

ಅಕ್ಕಯಮ್ಮ ಇನ್ನೊಮ್ಮೆ ಕೈ ತೊಳೆಯಲಿಲ್ಲ. ಸೆರಗಿಗೆ ಕೈ ಒರೆಸಿಕೊಂಡು, ಸೀರೆ ಎತ್ತಿ ಕಟ್ಟಿ, ಗೇಟು ದಾಟಿದಳು. ಮುನೇಶ ಹಿಂದೆ ಹೆಜ್ಜೆ ಇಟ್ಟಾಗ ತಿರುಗಿ ನೋಡದೆ ಕೈ ಅಡ್ಡ ಹಿಡಿದಳು.

"ನೀನು ಅಲ್ಲೇ ಇರು. ಹುಳ ಅವೆ ಒಳಗೆ."

ಗೇಟಿನ ಆಚೆ, ಸೀಳಿದ ಸೀಟಿನ ಪಕ್ಕದಲ್ಲಿ, ಮುನೇಶ ಸಂಜೆಯವರೆಗೂ ಕಾದ. ಒಳಗಿಂದ ಹೆಂಗಸರ ಮಾತು ಕೇಳುತ್ತಿತ್ತು, ನಡುನಡುವೆ ಅಮ್ಮನ ದನಿಯೂ. ಎಷ್ಟೋ ದಿನಗಳ ಮೇಲೆ ಅದು ಮೊದಲಿನಂತಿತ್ತು. ಕೆಲಸ ಮುಗಿಸಿ ಹೊರಗೆ ಬಂದವಳು ಬೈಕನ್ನೂ ಅವನನ್ನೂ ಒಮ್ಮೆ ನೋಡಿದಳು.

"ನೀ ಹೋಗಪ್ಪ" ಎಂದಳು. "ನಾನು ಬಸ್ಸಲ್ಲಿ ಬರ್ತೀನಿ."