ನೀರಿನ ಹತ್ತಿರ ಹಿಡಿದ ಫೋನು

ಸರೋವರದ ಊರಿನಲ್ಲಿ ಉಗ್ರರ ದಾಳಿಯಾಗಿ ವಾರ ಕಳೆದಿತ್ತು. ಪ್ರವಾಸದ ಕಚೇರಿಯಲ್ಲಿ ಕುಳಿತು ಅಲ್ಲಿಗೆ ಹೊರಟಿದ್ದವರ ಟಿಕೆಟ್ಟುಗಳನ್ನೆಲ್ಲ ರದ್ದು ಮಾಡಿದ್ದೆ. ಉಳಿದದ್ದು ನನ್ನದೊಂದೇ. ಆ ನೀರಿನಡಿ ಅರಮನೆಯಿದೆಯೆಂದು ಅಜ್ಜಿ ಹೇಳಿದ ಕಥೆ ಕೇಳಿದಾಗಿನಿಂದ, ನೋಡದ ಆ ಊರಿಗಾಗಿ ನನ್ನ ಜೀವ ಹಂಬಲಿಸುತ್ತಿತ್ತು.

"ಹೋಗ್ತೀನಿ ಅಂದ್ರೆ ಕಾಲು ಮುರೀತೀನಿ ನೋಡು," ಎಂದು ಅಮ್ಮ ಬೆಳಿಗ್ಗೆಯೇ ಗದರಿದ್ದಳು.

ಯಾರೂ ಬರುವುದಿಲ್ಲವೆಂದು ಅಲ್ಲಿನ ದೋಣಿಯಜ್ಜನಿಗೆ ದಿನವೂ ಫೋನಿನಲ್ಲಿ ತಿಳಿಸುವುದು ನನ್ನ ಕೆಲಸ.

"ಇವತ್ತೂ ಯಾರೂ ಇಲ್ವಾ ತಾಯಿ?"

"ನಾನೊಬ್ಬಳಿದ್ದೀನಿ ಅಜ್ಜ. ಬರ್ಲೋ ಬೇಡ್ವೋ ನೀವೇ ಹೇಳಿ."

"ಬಾ ಅಂದ್ರೆ ನಿಮ್ಮಮ್ಮ ಬೈತಾರೆ, ಬೇಡ ಅಂದ್ರೆ ನನ್ನ ಹೆಂಡ್ತಿ ಬೈತಾಳೆ," ಎಂದು ಅಜ್ಜ ನಕ್ಕರು. "ದಾಳೀಲಿ ಗಾಯ ಆದ ನನ್ನ ತಮ್ಮ ಇನ್ನೂ ಆಸ್ಪತ್ರೆಲಿದಾನೆ ಮಗಾ. ಅವನ ದೋಣೀನೂ ನಾನೇ ಒರೆಸಿಡ್ತಿದೀನಿ. ಈಗ ಊರು ತೋರಿಸೋಕೆ ಮನಸ್ಸಿಲ್ಲ. ಅವನು ಎದ್ದು ಬರ್ಲಿ, ಆಮೇಲೆ ಬಾ."

"ಹಾಗಾದ್ರೆ ಒಂದ್ಸಲ ಫೋನು ನೀರಿನ ಹತ್ರ ಹಿಡೀರಿ ಅಜ್ಜ."

ದೋಣಿಯ ಹಲಗೆಗೆ ಅಲೆ ತಟ್ಟುವ ಸದ್ದು ಬಂತು. ಕಣ್ಣು ಮುಚ್ಚಿ ಕೇಳಿದೆ. ಆಮೇಲೆ ನನ್ನ ಟಿಕೆಟ್ಟನ್ನು ರದ್ದು ಮಾಡದೆ, ತಾರೀಕನ್ನಷ್ಟೇ ಮುಂದಕ್ಕೆ ಹಾಕಿದೆ.