ಮೇಯರರನ್ನು ಮಣ್ಣಿಗಿಳಿಸುವ ಠರಾವು

ಆಲ್ಡನ್ ಹೋವ್ಲಂಡ್ ಸಾಯುವ ಮುಂಚೆ ಹೆಂಡತಿಯಿಂದ ಒಂದೇ ಒಂದು ಮಾತು ತೆಗೆದುಕೊಂಡ. ಅದು ಆಸ್ತಿಯ ಮಾತಲ್ಲ, ಮಕ್ಕಳ ಮಾತಲ್ಲ, ನಗರಸಭೆಯ ಮಾತು. ಅರ್ಧ ಆಯುಷ್ಯ ಟಾಲ್‌ಬಟ್ ಕ್ರೀಕಿನ ಮೇಯರಾಗಿ ಕಳೆದವನಿಗೆ ಆಸ್ಪತ್ರೆಯ ಹಾಸಿಗೆಯ ಮೇಲೂ ಬೇರೇನು ತೋಚೀತು?

"ನನ್ನ ಪೆಟ್ಟಿಗೇನ ನಾಲ್ಕೂ ಜನ ಸದಸ್ಯರು ಒಟ್ಟಿಗೆ ಹೊರಬೇಕು, ಒಟ್ಟಿಗೆ ಗುಂಡಿಗೆ ಇಳಿಸ್ಬೇಕು ಕಣೇ," ಅಂದ. "ನಾನು ಬದುಕಿರೋ ತನಕ ಅವ್ರು ನಾಲ್ಕೂ ಜನ ಸೇರಿ ಒಂದು ಕುರ್ಚೀನೂ ಎತ್ತಲಿಲ್ಲ."

ಇರ್ಮಾ ಆಗಲಿ ಅಂದಳು. ಸಾಯುವವನ ಮುಂದೆ ಯಾರು ತಾನೇ ಆಗಲ್ಲ ಅಂತಾರೆ? ಅದೆಂಥ ಪೇಚಿನ ಮಾತು ಅಂತ ಅವಳಿಗೆ ಆಗ ಹೊಳೆಯಲಿಲ್ಲ.

ಆ ನಾಲ್ವರ ಕತೆ ಊರಿಗೇ ಗೊತ್ತಿತ್ತು. ನೀರಿನ ಟ್ಯಾಂಕಿಗೆ ಬಿಳಿ ಬಣ್ಣ ಬಳಿಯಬೇಕು ಅಂತ ಮೆರ್ಲ್ ಮತ್ತು ವಾಂಡಾ, ಹಸಿರು ಬಳಿಯಬೇಕು ಅಂತ ಗ್ಲೆನಿಸ್ ಮತ್ತು ಬಕ್ ಹಟ ಹಿಡಿದಿದ್ದು ಎಷ್ಟೋ ವರ್ಷದ ಹಿಂದೆ. ಟ್ಯಾಂಕು ಇವತ್ತಿಗೂ ಅರ್ಧ ಬಿಳಿ, ಅರ್ಧ ಹಸಿರು. ಅಂದಿನಿಂದ ಈ ಇಬ್ಬರು ಹೌದು ಅಂದರೆ ಆ ಇಬ್ಬರು ಅಲ್ಲ ಅನ್ನಲೇಬೇಕು. ಹಿಮ ತೆಗೆಯುವ ಗಾಡಿಗೆ ಟಯರು ಹಾಕಿಸುವುದಿರಲಿ, ಬೇಸಿಗೆಯಲ್ಲಿ ಮಕ್ಕಳ ಈಜುಕೊಳ ತೆರೆಯುವುದಿರಲಿ, ಎರಡು ಕೈ ಈ ಕಡೆ, ಎರಡು ಕೈ ಆ ಕಡೆ. ಸಮ ಬಿದ್ದಾಗ ಮೇಯರು ಒಂದು ವೋಟು ಹಾಕಿ ಬಗೆಹರಿಸಬಹುದು, ಕಾನೂನು ಹಾಗಿದೆ. ಆಲ್ಡನ್ ಮಾತ್ರ ಜನ್ಮದಲ್ಲಿ ಹಾಕಿದವನಲ್ಲ. ಹಾಕಿದರೆ ಊರಿನ ಅರ್ಧ ಜನ ಕಾಫಿಗೆ ಕರೆಯುವುದು ಬಿಡುತ್ತಾರೆ ಅಂತ ಅವನಿಗೆ ಭಯ. ಸಮ ಬಿದ್ದರೆ ಠರಾವು ಬಿದ್ದುಹೋಯಿತು ಅಂತಲೇ ಲೆಕ್ಕ, ಆದ್ದರಿಂದ ಯಾವುದು ಬೀಳಬೇಕೋ ಅದನ್ನೇ ಠರಾವಾಗಿ ಬರೆಸುತ್ತಿದ್ದ. ಈಜುಕೊಳ ತೆರೆಯಬೇಕಾದರೆ "ಈಜುಕೊಳವನ್ನು ಮುಚ್ಚಿಯೇ ಇಡತಕ್ಕದ್ದು" ಅಂತ ಬರೆಸುವುದು, ಎರಡಕ್ಕೆರಡು ಬಿದ್ದ ಮೇಲೆ ಬೀಗದಕೈ ಕೊಟ್ಟು ಕಳಿಸುವುದು. ಊರು ನಡೆದದ್ದೇ ಹಾಗೆ.

ಅವನು ತೀರಿಕೊಂಡ ಮಾರನೇ ದಿನ ನಗರಸಭೆಯ ಕಾರ್ಯದರ್ಶಿ ರೋಂಡಾ ಆಲೂಗಡ್ಡೆ, ಕೊಚ್ಚಿದ ಮಾಂಸ ಹಾಕಿ ಬೇಯಿಸಿದ ಪಾತ್ರೆ ಹಿಡಿದುಕೊಂಡು ಬಂದಳು. ಅಡುಗೆಮನೆಯಲ್ಲಿ ಆಗಲೇ ನೆರೆಯವರು ತಂದಿಟ್ಟ ಅಂಥ ಆರು ಪಾತ್ರೆ ಇದ್ದವು. ರೋಂಡಾ ಸ್ವಲ್ಪ ಅತ್ತಳು, ಮೂಗು ಒರೆಸಿಕೊಂಡಳು, ಆಮೇಲೆ ಕುರ್ಚಿಯ ತುದಿಗೆ ಬಂದು ಕೂತಳು.

"ಆಂಟಿ, ಒಂದು ತೊಡಕಿದೆ," ಅಂದಳು.

ತೊಡಕು ಇಷ್ಟೇ. ನಾಲ್ವರಲ್ಲಿ ಮೂವರು ಸದಸ್ಯರು ಒಂದು ಕಡೆ ಸೇರಿ ಊರಿನ ವಿಷಯ ಎತ್ತಿದರೆ ಅದು ಸಭೆಯೇ. ಸಭೆ ಅಂದ ಮೇಲೆ ಮೊದಲೇ ಬಾಗಿಲಿಗೆ ನೋಟಿಸು ಅಂಟಿಸಬೇಕು, ಜನರಿಗೆ ಬರಲು ಬಿಡಬೇಕು, ಪ್ರತಿ ಮಾತೂ ದಾಖಲಾಗಬೇಕು. ಹಿಂದೊಮ್ಮೆ ಅಗ್ನಿಶಾಮಕದವರ ಪ್ಯಾನ್‌ಕೇಕ್ ತಿಂಡಿಯ ಕೂಟದಲ್ಲಿ ಮೂವರು ಒಂದೇ ಮೇಜಿಗೆ ಕೂತು, ಅವರಲ್ಲೊಬ್ಬರು ಬೀದಿದೀಪದ ಸುದ್ದಿ ತೆಗೆದಿದ್ದಕ್ಕೆ ಊರಿನವನೇ ಆದ ಡೆಲ್ಬರ್ಟ್ ಕೂಪ್ಕೆ ಅನ್ನುವವನು ರಾಜಧಾನಿಗೆ ದೂರು ಬರೆದು, ಊರಿಗೇ ಛೀಮಾರಿ ಹಾಕಿಸಿದ್ದ. ಈಗ ನಾಲ್ಕೂ ಜನ ಪೆಟ್ಟಿಗೆ ಹೊರಬೇಕು. ಸ್ಮಶಾನವೋ ನಗರಸಭೆಯದು. ಹೂಳುವ ಜಾಗದಲ್ಲಿ ನಿಂತು ಹೂಳುವ ಮಾತಾಡಿದರೆ ಅದು ಊರಿನ ವಿಷಯವಲ್ಲದೆ ಮತ್ತೇನು?

"ಇಬ್ರು ಹೊತ್ಕೊಂಡ್ರೆ ಯಾವ ತಕರಾರೂ ಇಲ್ಲ ಆಂಟಿ. ಮಿಕ್ಕ ಇಬ್ರ ಜಾಗಕ್ಕೆ ಚರ್ಚಿನ ಹುಡುಗರನ್ನ ಹಾಕ್ಕೊಳ್ಳಿ," ಅಂದಳು ರೋಂಡಾ.

"ನಾಲ್ಕು ಜನ ಅಂತ ಮಾತು ಕೊಟ್ಟಿದೀನಿ," ಅಂದಳು ಇರ್ಮಾ.

"ಹಾಗಾದ್ರೆ ಮೀಟಿಂಗೇ ಕರೀಬೇಕಾಗುತ್ತೆ."

"ಕರಿ."

ಡೆಲ್ಬರ್ಟನನ್ನು ಒಂದು ಮಾತು ಕೇಳೋಣ ಅಂತ ಇಬ್ಬರಿಗೂ ಹೊಳೆಯಲಿಲ್ಲ. ಆ ಊರಿನಲ್ಲಿ ಅವನಿಗೆ ಹೆದರುತ್ತಿದ್ದರೇ ಹೊರತು ಅವನನ್ನು ಯಾರೂ ಕೇಳುತ್ತಿರಲಿಲ್ಲ. ಅವನ ಮನೆಯ ಮುಂದಿನ ಮೋರಿ ಕುಸಿದು, ಪ್ರತಿ ವಸಂತದಲ್ಲಿ ಹಿಮ ಕರಗಿದ ನೀರೆಲ್ಲ ಅವನ ನೆಲಮಾಳಿಗೆಗೆ ನುಗ್ಗುತ್ತಿತ್ತು. ಪ್ರತಿ ಸಭೆಗೂ ಬಂದು, ನಾಗರಿಕರಿಗೆ ಕೊಡುವ ಮೂರು ನಿಮಿಷವನ್ನು ಆ ಮೋರಿಗೇ ಮುಡಿಪಿಟ್ಟಿದ್ದ. ಪ್ರತಿ ಸಲವೂ "ಮೋರಿ ದುರಸ್ತಿ ಮಾಡತಕ್ಕದ್ದು" ಅನ್ನುವ ಠರಾವು ಎರಡಕ್ಕೆರಡು ಬೀಳುತ್ತಿತ್ತು. ಆಲ್ಡನ್ ಕನ್ನಡಕ ಒರೆಸುತ್ತ ಮುಂದಿನ ವಿಷಯಕ್ಕೆ ಹೋಗುತ್ತಿದ್ದ.

ನೋಟಿಸು ಬಾಗಿಲಿಗೆ ಬಿತ್ತು. ವಿಶೇಷ ಸಭೆ, ಸ್ಥಳ ಸ್ಮಶಾನ. ರೋಂಡಾ ಯಾವತ್ತಿನ ಹಾಗೆ ಹಳೆಯ ಕಾರ್ಯಸೂಚಿಯ ಮೇಲೇ ಹೊಸದನ್ನು ತಿದ್ದಿದ್ದಳು: ಹಾಜರಿ, ಪ್ರಾರ್ಥನೆ, ಮೇಯರರನ್ನು ಮಣ್ಣಿಗಿಳಿಸುವ ಬಗ್ಗೆ ಚರ್ಚೆ ಮತ್ತು ತೀರ್ಮಾನ, ಹಳೆಯ ವಿಷಯ ಎಂದರೆ ಕೂಪ್ಕೆಯವರ ಮೋರಿ, ಮುಕ್ತಾಯ. ಆ "ತೀರ್ಮಾನ" ಅನ್ನುವ ಮಾತನ್ನು ಅವಳು ಕೈ ರೂಢಿಯಲ್ಲಿ ಬರೆದದ್ದು. ಬರೆದ ಮೇಲೆ ತೀರ್ಮಾನ ಆಗಲೇಬೇಕಲ್ಲ.

ಆ ದಿನ ಬಯಲಿನ ಗಾಳಿ ಟೋಪಿ ಹಾರಿಸುವಂತಿತ್ತು. ಗೋಧಿ ಕೊಯ್ಲು ಮುಗಿದಿದ್ದರಿಂದ ಊರಿಗೆ ಊರೇ ಬಂದಿತ್ತು. ನಾಲ್ವರು ಪೆಟ್ಟಿಗೆ ಹೊತ್ತು ತಂದರು. ಬಕ್ ಬೇಗ ಬೇಗ ಹೆಜ್ಜೆ ಹಾಕುತ್ತಿದ್ದ, ವಾಂಡಾ ನಿಧಾನ, ಹಾಗಾಗಿ ಆಲ್ಡನ್ ಕೊಂಚ ಅಡ್ಡಡ್ಡವಾಗಿಯೇ ಬಂದ. ಆದರೂ ನಾಲ್ವರೂ ಹೊತ್ತಿದ್ದರು. ಅರ್ಧ ಮಾತು ನಡೆಸಿಕೊಟ್ಟೆ ಅಂದುಕೊಂಡಳು ಇರ್ಮಾ.

ಪೆಟ್ಟಿಗೆಯನ್ನು ಗುಂಡಿಯ ಮೇಲಿನ ಹಲಗೆಗಳ ಮೇಲಿಟ್ಟರು. ಹಿರಿಯ ಸದಸ್ಯನಾದ ಮೆರ್ಲ್ ಸಭೆ ಶುರು ಮಾಡಬೇಕಾಗಿತ್ತು. ಸುತ್ತಿಗೆ ತಂದಿದ್ದ, ಬಡಿಯಲು ಮೇಜಿರಲಿಲ್ಲ. ಅತ್ತ ಇತ್ತ ನೋಡಿ ಪೆಟ್ಟಿಗೆಯ ಮುಚ್ಚಳದ ಮೇಲೇ ಮೆಲ್ಲಗೆ ಬಡಿದ. ಬಡಿದ ಮೇಲೆ ಯಾಕೋ ಒಂದು ಕ್ಷಣ ಕಾದ. ರೋಂಡಾ ಹಾಜರಿ ಕೂಗಿದಳು. ರೂಢಿಬಲದಿಂದ "ಮೇಯರ್ ಹೋವ್ಲಂಡ್" ಅಂತಲೂ ಕೂಗಿಬಿಟ್ಟಳು. ಎಲ್ಲರೂ ಪೆಟ್ಟಿಗೆ ನೋಡಿದರು.

"ಇದಾರಲ್ಲ," ಅಂದ ಬಕ್. ರೋಂಡಾ ಹಾಜರಿ ಹಾಕಿಕೊಂಡಳು.

ಪಾದ್ರಿಗೆ ಪ್ರಾರ್ಥನೆಗೆ ಮೂರು ನಿಮಿಷ ಸಿಕ್ಕಿತು. ಮೊಟ್ಟೆ ಬೇಯಿಸುವಾಗ ಹೊತ್ತು ನೋಡಲು ಇಡುವ ಪುಟ್ಟ ಗಡಿಯಾರ ರೋಂಡಾಳ ಕೈಯಲ್ಲಿ ಟ್ರಿಂಗ್ ಅಂದಾಗ ಪಾಪ, ಅವರಿನ್ನೂ ಆಲ್ಡನ್ನನ ಬಾಲ್ಯದಲ್ಲೇ ಇದ್ದರು. ಆಮೇಲೆ ಮೆರ್ಲ್ ಕೆಮ್ಮಿ, ಮೇಯರರನ್ನು ಮಣ್ಣಿಗಿಳಿಸತಕ್ಕದ್ದು ಅಂತ ಠರಾವು ಮಂಡಿಸಿದ. ವಾಂಡಾ ಅನುಮೋದಿಸಿದಳು. ನಾಗರಿಕರು ಯಾರಾದರೂ ಮಾತಾಡುವುದಿದೆಯೇ ಅಂತ ರೋಂಡಾ ಕೇಳಿದಾಗ ಎಲ್ಲರ ಕಣ್ಣೂ ಡೆಲ್ಬರ್ಟನ ಕಡೆಗೆ ಹೋಯಿತು. ಹಿಂದಿನ ಸಾಲಿನಲ್ಲಿ ಟೋಪಿ ತೆಗೆದು ನಿಂತಿದ್ದವನು ಇಲ್ಲವೆಂದು ತಲೆ ಅಲ್ಲಾಡಿಸಿದ. ವೋಟಿಗೆ ಹಾಕಿದರು. ಎರಡು ಕೈ ಹೌದು, ಎರಡು ಕೈ ಅಲ್ಲ.

ಗ್ಲೆನಿಸ್ ಎತ್ತಿದ ಕೈಯನ್ನು ಇಳಿಸಲೇ ಇಲ್ಲ. ಕೆನ್ನೆಯ ಮೇಲೆ ಧಾರಾಕಾರ ಕಣ್ಣೀರು.

"ಏನೇ ಇದು ಗ್ಲೆನಿಸ್?" ಅಂದಳು ಇರ್ಮಾ.

"ಆಲ್ಡನ್‌ಗೋಸ್ಕರ ಪ್ರಾಣ ಬೇಕಾದ್ರೂ ಕೊಡ್ತೀನಿ ಇರ್ಮಾ. ಮೆರ್ಲ್ ಠರಾವಿಗೆ ವೋಟು ಕೊಡಕ್ಕಾಗಲ್ಲ. ಇವತ್ತು ಕೊಟ್ರೆ ಇಷ್ಟು ವರ್ಷ ಕೊಡದೇ ಇದ್ದಿದ್ದಕ್ಕೆ ಏನರ್ಥ?"

ಹಾಗಾದರೆ ನೀನೇ ಮಂಡಿಸು ಅಂದರು. ಗ್ಲೆನಿಸ್ ಕಣ್ಣೊರೆಸಿಕೊಂಡು ಅದೇ ಠರಾವನ್ನು ಅಕ್ಷರ ಬದಲಿಸದೆ ಮಂಡಿಸಿದಳು, ಬಕ್ ಅನುಮೋದಿಸಿದ. ಅಲ್ಲ ಅನ್ನುವವರು ಯಾರು ಅಂದದ್ದೇ ತಡ, ಮೆರ್ಲ್ ಮತ್ತು ವಾಂಡಾರ ಕೈ ತಾವಾಗಿ ಮೇಲಕ್ಕೆ ಹೋದವು. ಮೆರ್ಲ್ ತನ್ನ ಕೈಯನ್ನೇ ಗಾಬರಿಯಿಂದ ನೋಡಿದ, ಆದರೆ ದಾಖಲಾದದ್ದು ದಾಖಲಾಗಿತ್ತು. ಸಮ ಬಿದ್ದಾಗ ಬಗೆಹರಿಸಬೇಕಾದವರು ಹಾಜರಿಯಲ್ಲೇನೋ ಇದ್ದರು. ಮೇಯರರು ಎಂದಿನಂತೆ ಮತ ಚಲಾಯಿಸಲಿಲ್ಲ ಅಂತ ರೋಂಡಾ ಬರೆದುಕೊಂಡಳು.

ಠರಾವು ಬಿದ್ದುಹೋಯಿತು ಅಂದರೆ ಪೆಟ್ಟಿಗೆ ಇಳಿಯುವಂತಿಲ್ಲ. ನಗರಸಭೆಯ ಸ್ಮಶಾನದಲ್ಲಿ, ನಗರಸಭೆಯೇ ಬೇಡ ಅಂದದ್ದನ್ನು ಮಾಡುವುದು ಹೇಗೆ? ಬಿದ್ದ ಠರಾವನ್ನು ಮುಂದಿನ ತಿಂಗಳು ಮತ್ತೆ ತರಬಹುದು, ಅಲ್ಲಿಯವರೆಗೆ ಪೆಟ್ಟಿಗೆಯನ್ನು ಹಿಮ ತೆಗೆಯುವ ಗಾಡಿಯ ಕೊಟ್ಟಿಗೆಯಲ್ಲಿ ಇಡೋಣ, ಅಲ್ಲಿ ತಣ್ಣಗಿರುತ್ತೆ ಅಂತ ಬಕ್ ಸಲಹೆ ಕೊಟ್ಟ. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಇರ್ಮಾ ಮಡಚುವ ಕುರ್ಚಿ ಎಳೆದುಕೊಂಡು ಕೂತಳು. ಗಂಡನ ಮೇಲೆ ಅವಳಿಗೆ ಕಡುಕೋಪ ಬಂತು. ಬದುಕಿದ್ದಾಗ ಒಂದೇ ಒಂದು ಸಲ ಧೈರ್ಯವಾಗಿ ಕೈ ಎತ್ತಿದ್ದರೆ ಇವರಿಗೆ ಈ ಚಾಳಿ ಅಂಟುತ್ತಿತ್ತೇ?

ಆಗ ಹಿಂದಿನಿಂದ ಡೆಲ್ಬರ್ಟ್ ಕೈ ಎತ್ತಿ ಮುಂದೆ ಬಂದ. ರೋಂಡಾ ಗಡಿಯಾರ ತಿರುಗಿಸಿದಳು.

"ಸಾವಿಗೂ ಮೀಟಿಂಗ್ ಕರೀರಿ ಅಂತ ನಾನು ಹೇಳಿದ್ನಾ?" ಅಂದ. "ನನ್ನನ್ನ ಒಂದು ಮಾತು ಕೇಳಿದ್ರಾ? ಹೋಗ್ಲಿ ಬಿಡಿ. ಲೋ ಮೆರ್ಲ್, ಠರಾವನ್ನ ಮಗುಚಿ ಹಾಕೋ. ಮೇಯರ್ ನೆಲದ ಮೇಲೇ ಇರತಕ್ಕದ್ದು ಅಂತ ಬರಿ. ಎರಡಕ್ಕೆರಡು ಬೀಳುತ್ತೆ. ನೆಲದ ಮೇಲೆ ಇರಬಾರದು ಅಂದ್ರೆ ಕೆಳಗೇ ಹೋಗ್ಬೇಕು ತಾನೇ? ಈಜುಕೊಳಕ್ಕೆ ಹಿಂಗೇ ಮಾಡ್ತಿದ್ದ ಇವ್ನು. ನನ್ನ ಮೋರಿಗೂ ಒಂದು ಸಲ ಮಗುಚಿ ಹಾಕೋ ಅಂತ ವರ್ಷಗಟ್ಟಲೆ ಕೇಳ್ಕೊಂಡೆ. ಹಾಕ್ಲಿಲ್ಲ." ಮೂರು ನಿಮಿಷ ತುಂಬುವ ಮುಂಚೆ ಅವನು ಮಾತು ನಿಲ್ಲಿಸಿದ್ದು ಅದೇ ಮೊದಲು.

ಮೆರ್ಲ್ ಹಾಗೇ ಮಂಡಿಸಿದ. ಎರಡಕ್ಕೆರಡು ಬಿತ್ತು. ಸುತ್ತಿಗೆ ಬಡಿಯಲು ಹೋಗಿ, ಬೇಡ ಅನ್ನಿಸಿ ಜೇಬಿಗೆ ಹಾಕಿಕೊಂಡ. ನಾಲ್ವರೂ ಹಗ್ಗ ಹಿಡಿದರು, ಹಲಗೆ ಸರಿಸಿದರು, ಆಲ್ಡನ್ ಅಡ್ಡಡ್ಡವಾಗಿಯೇ, ಆದರೆ ಸಾವಕಾಶವಾಗಿ ಕೆಳಗಿಳಿದ. ಇರ್ಮಾ ಒಂದು ಹಿಡಿ ಮಣ್ಣು ಹಾಕಿದಳು. ಅತ್ತಳು, ಮನಸಾರೆ ಅತ್ತಳು.

ಸಭೆ ಮಾತ್ರ ಮುಗಿದಿರಲಿಲ್ಲ. ಹಳೆಯ ವಿಷಯ, ಕೂಪ್ಕೆಯವರ ಮೋರಿ ಅಂತ ರೋಂಡಾ ಸಂಕೋಚದಿಂದ ಓದಿದಳು. ಇವತ್ತು ಬೇಡ, ಬಿಟ್ಟುಬಿಡಿ ಅಂದ ಡೆಲ್ಬರ್ಟ್. ಇರ್ಮಾ ಕೈ ಎತ್ತಿದಳು. ಇಷ್ಟು ವರ್ಷದಲ್ಲಿ ಅವಳು ಒಂದು ಸಭೆಗೂ ಬಂದವಳಲ್ಲ. ಮೀಟಿಂಗಿನ ರಾತ್ರಿ ಗಂಡನ ಊಟ ಬಿಸಿಯಾಗಿಟ್ಟು ಕಾಯುವುದಷ್ಟೇ ಅವಳ ಪಾಲಿಗೆ ಬಂದ ನಗರಸಭೆ.

"ನಾನೂ ನಾಗರಿಕಳೇ. ನನಗೂ ಮೂರು ನಿಮಿಷ ಇದೆ," ಅಂದಳು. ಆಮೇಲೆ ಡೆಲ್ಬರ್ಟನ ಕಡೆ ತಿರುಗಿದಳು. ಒಂದೇ ಶಾಲೆಯಲ್ಲಿ, ಒಂದೇ ಬೆಂಚಿನಲ್ಲಿ ಕೂತು ಓದಿದವರು ಅವರು. "ಮೋರಿ ಯಾಕೆ ಸರಿ ಮಾಡಿಸಲ್ಲ ಅಂತ ಆಲ್ಡನ್ನನ್ನ ನಾನೂ ಕೇಳಿದ್ದೆ ಕಣೋ. ಊರಿನೋರು ಯಾರೂ ಮೀಟಿಂಗಿಗೆ ಬರಲ್ಲ, ಬರೋನು ಅವನೊಬ್ಬನೇ, ಮೋರಿ ಸರಿಯಾದ್ರೆ ಅವನೂ ನಿಂತ್ಬಿಡ್ತಾನೆ, ಆಮೇಲೆ ಖಾಲಿ ಕುರ್ಚಿಗಳ ಮುಂದೆ ನಾನೊಬ್ನೇ ಏನು ಮಾಡ್ಲಿ ಅಂದ. ನಿನ್ನ ಮನೆ ನೀರಲ್ಲಿ ಮುಳುಗ್ತಿತ್ತು, ಇವನಿಗೆ ಜೊತೆ ಬೇಕಾಗಿತ್ತು. ಅದು ತಪ್ಪು ಅಂತ ಅವತ್ತೇ ನಾನು ಹೇಳ್ಬೇಕಾಗಿತ್ತು." ಆಮೇಲೆ ಮೆರ್ಲ್‌ನನ್ನು ನೋಡಿದಳು. "ಮಗುಚಿ ಹಾಕು."

ಕೂಪ್ಕೆಯವರ ಮೋರಿಯನ್ನು ಇದ್ದ ಹಾಗೇ ಬಿಡತಕ್ಕದ್ದು ಅಂತ ಮೆರ್ಲ್ ಮಂಡಿಸಿದ, ವಾಂಡಾ ಅನುಮೋದಿಸಿದಳು, ಗ್ಲೆನಿಸ್ ಮತ್ತು ಬಕ್ ಖಡಾಖಂಡಿತವಾಗಿ ವಿರೋಧಿಸಿದರು. ಎರಡಕ್ಕೆರಡು. ಹೆಪ್ಪುಗಟ್ಟುವ ಚಳಿಗೆ ಮುಂಚೆಯೇ ಹೊಸ ಕೊಳವೆ ಹಾಕಿಸುವುದು ಅಂತ ಆಯಿತು.

ಮುಗಿಸುವ ಠರಾವನ್ನು ಯಾರೂ ಮಂಡಿಸಲಿಲ್ಲ. ಸಭೆ ಮುಗಿದರೆ ಆ ನಾಲ್ವರು ಒಂದೇ ಮೇಜಿಗೆ ಕೂತು ಉಣ್ಣುವುದು ಕಷ್ಟ, ನಾಲಿಗೆ ಎಲ್ಲಿ ಊರಿನ ವಿಷಯಕ್ಕೆ ಹರಿದು ನೋಟಿಸಿಲ್ಲದ ಸಭೆಯಾಗುತ್ತೋ ಏನೋ. ಚರ್ಚಿನ ನೆಲಮಾಳಿಗೆಯಲ್ಲಿ ಹಂದಿಮಾಂಸದ ಬನ್ನು, ಕಾಫಿ ಕಾಯುತ್ತಿದ್ದವು. ಸಭೆಯನ್ನು ಮುಗಿಸದೆ ಹಾಗೇ ಅಲ್ಲಿಗೆ ಸಾಗಿಸುವುದು ಅಂತ ಗ್ಲೆನಿಸ್ ಹೇಳಿದಳು. ಅದಕ್ಕೆ ನಾಲ್ಕು ಕೈ ಎದ್ದವು. ತಮ್ಮ ಕೈಗಳನ್ನು ನೋಡಿ ಅವರೇ ನಾಚಿಕೊಂಡರು.

ಜನ ಚದುರಿದರು. ಡೆಲ್ಬರ್ಟ್ ಮಾತ್ರ ಟೋಪಿಯನ್ನು ಕೈಯಲ್ಲಿ ತಿರುಗಿಸುತ್ತ ಗುಂಡಿಯ ಹತ್ತಿರವೇ ನಿಂತಿದ್ದ. ಗೆದ್ದವನ ಮುಖ ಅದಾಗಿರಲಿಲ್ಲ. ಇರ್ಮಾ ಹೋಗಿ ಪಕ್ಕದಲ್ಲಿ ನಿಂತಳು.

"ಮುಂದಿನ ಮೀಟಿಂಗಲ್ಲಿ ನಾನೇನು ಮಾತಾಡ್ಲಿ ಇರ್ಮಾ?" ಅಂದ ಅವನು.

ಇರ್ಮಾಳಿಗೆ ಮೀಟಿಂಗಿನ ರಾತ್ರಿಯ ತನ್ನ ಅಡುಗೆಮನೆ ನೆನಪಾಯಿತು. ಒಲೆಯ ಮೇಲೆ ಬಿಸಿ ಆರದಂತೆ ಮುಚ್ಚಿಟ್ಟ ತಟ್ಟೆ, ಇನ್ನು ಅದನ್ನು ತೆರೆಯುವವರಿಲ್ಲ.

"ನೀನು ಮೀಟಿಂಗಿಗೆ ಹೋಗು. ನಾನೂ ಬರ್ತೀನಿ," ಅಂದಳು. "ಟ್ಯಾಂಕಿನ ಬಣ್ಣ ಇದೆಯಲ್ಲ."